ಕರಗದ ಲವಣಗಳ ಪಟ್ಟಿ

ನನ್ನ ಮರೆವಿನ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿಲ್ಲ. ಗಜೇಂದ್ರಗಡದ ಸೀರೆ ಅಂಗಡಿಯೊಂದರಲ್ಲಿ ಹೆಂಡತಿಯನ್ನು ಕೂರಿಸಿ, ಒಂದು ನಿಮಿಷ ಹೊರಗೆ ಬಂದು, ಬೈಕು ಹತ್ತಿ, ಎರಡೂ ಕಡೆಯ ಹೊಲ ನೋಡುತ್ತಾ ರೋಣದ ತನಕ ಒಬ್ಬನೇ ಬಂದವನು ನಾನು. ಮನೆಯ ಮುಂದೆ ನಿಲ್ಲಿಸಿ, ಇಳಿದು ಗೇಟು ತೆಗಿ ಎಂದು ಹಿಂದೆ ತಿರುಗಿದಾಗಲೇ ಸೀಟು ಖಾಲಿ ಇದ್ದದ್ದು ಗೊತ್ತಾಯಿತು. ಗಿರಿಜಾ ಬಸ್ಸಿಗೆ ಬಂದಳು. ಮೂರು ದಿನ ಮಾತಾಡಲಿಲ್ಲ. ಯಾಕೆ ಮಾತಾಡುತ್ತಿಲ್ಲ ಎಂದು ನಾಲ್ಕನೆಯ ದಿನ ನಾನು ಕೇಳಿದೆ, ಅದು ಇನ್ನೂ ದೊಡ್ಡ ತಪ್ಪಾಯಿತು. ಆದರೆ ಮರೆಯುವವರಿಂದ ಜಗತ್ತಿಗೆ ಅಂಥ ಹಾನಿಯೇನೂ ಇಲ್ಲ ಎಂಬುದು ನನ್ನ ಈಚಿನ ತಿಳಿವಳಿಕೆ. ಮರೆತವನನ್ನು ನಾಲ್ಕು ಜನ ಬೈದು ತಿದ್ದುತ್ತಾರೆ. ಹಾನಿಯಾಗುವುದು ಗಟ್ಟಿಯಾಗಿ ನೆನಪಿಟ್ಟವರಿಂದ. ಅವರನ್ನು ಯಾರೂ ತಿದ್ದುವುದಿಲ್ಲ, ಕರೆದು ಶಾಲು ಹೊದಿಸುತ್ತಾರೆ. ನಾನು ಈ ಜನ್ಮದಲ್ಲಿ ಗಟ್ಟಿಯಾಗಿ ನೆನಪಿಟ್ಟದ್ದು ಒಂದೇ ಒಂದು: ಯಾವ ಲವಣ ನೀರಿನಲ್ಲಿ ಕರಗುತ್ತದೆ, ಯಾವುದು ಕರಗುವುದಿಲ್ಲ ಎಂಬ ಪಟ್ಟಿ. ಆ ಪಟ್ಟಿಯಿಂದ ನನ್ನ ಅಕ್ಕನ ಬೆನ್ನು ಹೋಯಿತು. ಇದನ್ನು ನಗುನಗುತ್ತಾ ಹೇಳಬೇಕೆಂದು ಕುಳಿತಿದ್ದೇನೆ. ನಗು ಎಲ್ಲಿಯ ತನಕ ಜೊತೆಗೆ ಬರುತ್ತದೋ ನೋಡೋಣ.

ರೋಣದ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಹೈಸ್ಕೂಲಿನ ಕೊನೆಯಲ್ಲಿ ತಲೆ ತೋರಿಸಿ, ಪಿಯು ಪ್ರಯೋಗಾಲಯದಲ್ಲಿ ಮೈಮೇಲೆ ಬರುವ ಪಟ್ಟಿ ಅದು. ನೈಟ್ರೇಟುಗಳೆಲ್ಲ ಕರಗುತ್ತವೆ. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಲವಣಗಳೆಲ್ಲ ಕರಗುತ್ತವೆ. ಕ್ಲೋರೈಡುಗಳು ಕರಗುತ್ತವೆ, ಆದರೆ ಬೆಳ್ಳಿ, ಸೀಸ, ಪಾದರಸದವು ಕರಗುವುದಿಲ್ಲ. ಸಲ್ಫೇಟುಗಳು ಕರಗುತ್ತವೆ, ಬೇರಿಯಂ ಮತ್ತು ಸೀಸದವು ಇಲ್ಲ. ಕಾರ್ಬೊನೇಟು, ಫಾಸ್ಫೇಟುಗಳು ಬಹುತೇಕ ಕರಗುವುದೇ ಇಲ್ಲ. ಹೀಗೆ ಎರಡು ಪುಟ, ಪ್ರತಿ ಸಾಲಿಗೂ ಒಂದು 'ಆದರೆ'. ಮಕ್ಕಳು ಇದನ್ನು ಬೆಳಿಗ್ಗೆ ಕಲಿತು ಸಂಜೆಗೆ ಬಿಡುತ್ತಾರೆ. ನನ್ನ ಕೈಯಲ್ಲಿ ಕಲಿತವರು ಮಾತ್ರ ಬಿಡುವುದಿಲ್ಲ. ಹೋದ ವರ್ಷ ನರಗುಂದದ ಬಸ್ಸಿನಲ್ಲಿ ಚಿಕ್ಕನರಗುಂದದ ಹಳೆಯ ವಿದ್ಯಾರ್ಥಿಯೊಬ್ಬ ಎದ್ದು ನಿಂತು ನನಗೆ ಸೀಟು ಬಿಟ್ಟುಕೊಟ್ಟ. ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾನಂತೆ. 'ಸರ್, ಕಾಲೇಜಿಂದು ಎಲ್ಲಾ ಮರತೀನ್ರಿ. ಸಿಲ್ವರ್ ಕ್ಲೋರೈಡ್ ಬ್ಯಾರೆ ಆಗಿದ್ದು ಮಾತ್ರ ಮರತಿಲ್ಲ ನೋಡ್ರಿ' ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಯಾರದೋ ಮನೆ ಮುರಿದ ಸುದ್ದಿ ಎಂದುಕೊಂಡು ಲೊಚಗುಟ್ಟಿದಳು. ನಾನು ಎದೆಯುಬ್ಬಿಸಿ ಕೂತೆ.

ಆ ಮುದುಕಿ ತಪ್ಪು ತಿಳಿದುಕೊಂಡಿರಲಿಲ್ಲ. ಅದು ಮನೆ ಮುರಿದ ಸುದ್ದಿಯೇ. ನನ್ನ ಪಾಠದಲ್ಲಿ ಲವಣಗಳು ಬೀಗತನ ಮಾಡುತ್ತವೆ, ಜಗಳಾಡುತ್ತವೆ, ಬೇರೆ ಒಲೆ ಹೂಡುತ್ತವೆ. ಇದು ನನ್ನ ಸ್ವಂತ ಪದ್ಧತಿ ಎಂದು ಇಪ್ಪತ್ತಾರು ವರ್ಷ ಎಲ್ಲರೂ ನಂಬಿದ್ದಾರೆ, ನಾನು ಯಾರನ್ನೂ ತಡೆಯಲು ಹೋಗಿಲ್ಲ. ಪದ್ಧತಿ ನನ್ನದಲ್ಲ, ಅಕ್ಕನದು.

ನಾವು ಶಿರೋಳದವರು. ನಾನು ಪಿಯು ಎರಡನೆಯ ವರ್ಷ ರಸಾಯನಶಾಸ್ತ್ರದಲ್ಲಿ ನಪಾಸಾದೆ. ಲವಣದ ಪರೀಕ್ಷೆಯಲ್ಲಿ ಕೈಗೆ ಕೊಟ್ಟ ಬಿಳಿ ಪುಡಿ ಏನು ಮಾಡಿದರೂ ಕರಗಲಿಲ್ಲ. ಕರಗಿತು ಎಂದು ಬರೆದುಬಿಟ್ಟೆ, ಪರೀಕ್ಷಕರು ಪ್ರನಾಳವನ್ನು ನನ್ನ ಮೂಗಿನ ಕೆಳಗೇ ಹಿಡಿದು ತೋರಿಸಿದರು. ಮತ್ತೊಮ್ಮೆ ಕೂರಬೇಕಿತ್ತು. ನಮ್ಮಪ್ಪ ಎರಡನೆಯ ಸಲ ನಪಾಸಾದರೆ ಎತ್ತಿನ ಹಿಂದೆ ನಡಿ ಎಂದು ಹೇಳಿಯಾಗಿತ್ತು. ಅಕ್ಕ, ಹೆಸರು ನೀಲವ್ವ, ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ರೊಟ್ಟಿ ಬಡಿಯುತ್ತಾ ಒಲೆಯ ಮುಂದೆ ಕೂತು, ಹಿಟ್ಟಿನ ಕೈಯಲ್ಲೇ ನನ್ನ ನೋಟುಬುಕ್ಕು ಹಿಡಿದು, ಒಪ್ಪಿಸು ಎನ್ನುತ್ತಿದ್ದಳು. ನಾನು ಪ್ರತಿದಿನ ಸಲ್ಫೇಟಿಗೆ ಬಂದು ಮುಗ್ಗರಿಸುತ್ತಿದ್ದೆ. ಒಂದು ದಿನ ಅವಳಿಗೆ ಬೇಸರ ಬಂತು.

'ಏನೋ ಇದು, ಒಂದೂ ತಿಳಿವಲ್ದು. ಕರಗೋದು ಅಂದ್ರ ಏನು, ಅದನ್ನರೆ ಹೇಳು' ಎಂದಳು.

'ನೀರಾಗ ಎಲ್ಲಾರ ಜೋಡಿ ಕೂಡಿ ಇರೋದು. ಕರಗಂಗಿಲ್ಲ ಅಂದ್ರ ಇಬ್ಬರಷ್ಟ ಗಂಟು ಬಿದ್ದು ತಳಕ್ಕ ಹೋಗಿ ಕುಂದ್ರೋದು' ಎಂದೆ.

'ಅಂದ್ರ ಬ್ಯಾರೆ ಆಗೋದು. ಇಷ್ಟಕ್ಕ ಇಷ್ಟ್ಯಾಕ ಒದ್ದಾಡ್ತಿ?'

ಆ ಬೆಳಿಗ್ಗೆ ಆರು ರೊಟ್ಟಿ ಮುಗಿಯುವುದರೊಳಗೆ ಇಡೀ ಪಟ್ಟಿ ಒಂದು ಮನೆತನವಾಯಿತು. ನೀರು ಎಂದರೆ ಕೂಡಿದ ಮನೆ. ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಎಂಬ ಮೂವರು ಅಣ್ಣತಮ್ಮಂದಿರು ಎಂಥ ಹೆಂಡತಿ ಬಂದರೂ ದೊಡ್ಡ ಮನೆ ಬಿಡುವವರಲ್ಲ. ನೈಟ್ರೇಟು ಯಾವ ಮನೆಗೆ ಸೊಸೆಯಾಗಿ ಹೋದರೂ ಹೊಂದಿಕೊಳ್ಳುವ ಹುಡುಗಿ. ಕ್ಲೋರೈಡೂ ಒಳ್ಳೆಯವಳೇ, ಆದರೆ ಬೆಳ್ಳಿಯ ಕೈ ಹಿಡಿದರೆ ಮೊದಲ ವಾರವೇ ಬೇರೆ ಒಲೆ. ಕಾರ್ಬೊನೇಟಿನ ಬಾಯಿ ಜೋರು, ಆ ಮೂವರು ಅಣ್ಣತಮ್ಮಂದಿರ ಮನೆ ಬಿಟ್ಟು ಮತ್ತೆಲ್ಲಿಯೂ ಬಾಳುವೆ ಮಾಡುವುದಿಲ್ಲ. ಪಟ್ಟಿಯ ಕೊನೆಯಲ್ಲಿ ಕ್ಯಾಲ್ಸಿಯಂ ಮತ್ತು ಫ್ಲೋರೈಡು ಇದ್ದವು. ಅಕ್ಕ ಕೊನೆಯ ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿ, 'ಇವರಿಬ್ಬರೂ ಬ್ಯಾರೆ ಆದ್ರಂದ್ರ ಆದ್ರು. ಹಬ್ಬಕ್ಕೂ ಹಳೆ ಮನಿ ಹೊಸ್ತಿಲಾ ತುಳಿಯಂಗಿಲ್ಲ' ಎಂದು ತೀರ್ಪು ಕೊಟ್ಟಳು. ನಾನು ಪಾಸಾದೆ. ಮರುವರ್ಷ ಅಕ್ಕನ ಮದುವೆಯಾಯಿತು. ಅವಳ ಹೆಸರು ಹೇಳದೆ ನಾನು ಅವಳ ಪಾಠದ ಮೇಲೆ ಎಂ.ಎಸ್ಸಿ. ಮಾಡಿ, ನೌಕರಿ ಹಿಡಿದು, ಒಂದೆರಡು ಶಾಲೂ ಹೊದ್ದುಕೊಂಡೆ.

ಅವಳನ್ನು ಕೊಟ್ಟದ್ದು ರಾಜೂರ ದಾಟಿ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿಗೆ. ಊರಿನ ಹೆಸರು ಬರೆಯಬಾರದೆಂದು ಅವಳ ಕಟ್ಟಪ್ಪಣೆ. ಬರೆದರೆ ಆ ಊರಿಗೆ ಹೆಣ್ಣು ಕೊಡುವವರು ಹಿಂಜರಿಯುತ್ತಾರಂತೆ. ಒಂಬತ್ತು ವರ್ಷದ ಹಿಂದೆ ಆ ಊರಿಗೆ ಯಾರೋ ಇಬ್ಬರು ಸಣ್ಣ ಪೆಟ್ಟಿಗೆ ಹಿಡಿದುಕೊಂಡು ಬಂದು, ಅಕ್ಕನ ಓಣಿಯ ಬೋರಿನ ನೀರು ಪರೀಕ್ಷೆ ಮಾಡಿ, ಪಂಪಿನ ಕುತ್ತಿಗೆಗೆ ಕೆಂಪು ಬಣ್ಣ ಬಳಿದು, ಇದರಲ್ಲಿ ಫ್ಲೋರೈಡ್ ಇದೆ, ಕುಡಿಯಬೇಡಿ ಎಂದು ಹೇಳಿ ಹೋದರು. ಊರ ಆಚೆ ತುದಿಯಲ್ಲಿ ಫಿಲ್ಟರ್ ನೀರಿನ ಘಟಕ ಹಾಕಿದ್ದರು. ಅಲ್ಲಿಂದ ಕ್ಯಾನು ಹೊತ್ತು ತರಬೇಕು. ಆ ನೀರು ಸಪ್ಪಗೆ, ಎಷ್ಟು ಕುಡಿದರೂ ನೀರಡಿಕೆ ಹೋಗುವುದಿಲ್ಲ ಎಂದು ಓಣಿಯವರ ದೂರು. ಪಂಚಮಿ ಹಬ್ಬಕ್ಕೆ ಅಕ್ಕನನ್ನು ತವರಿಗೆ ಕರೆದುಕೊಂಡು ಹೋಗಲು ನಾನು ಹೋದ ದಿನ ಇದೇ ಮಾತು ನಡೆದಿತ್ತು.

ಅಕ್ಕನ ಗಂಡ ಈರಪ್ಪ ಮಾವ ನನ್ನನ್ನು ನೇರ ಮನೆಯ ಮುಂದಿನ ಕಟ್ಟೆಗೆ ಕರೆದೊಯ್ದು ಕೂರಿಸಿದರು. 'ನಮ್ಮ ಮನ್ಯಾಗ ಕೆಮಿಸ್ಟ್ರಿ ಮಾಸ್ತರ ಅದಾರ. ಪೆಟಿಗಿ ಹಿಡಕೊಂಡು ಬಂದವರ ಮಾತು ಯಾಕ ಕೇಳೂಣು? ಇವರನ್ನ ಕೇಳ್ರಿ' ಎಂದರು. ಕಟ್ಟೆಯ ತುಂಬ ಜನ. ಮಕ್ಕಳಿಲ್ಲದ ಕಡೆ ಪಾಠ ಮಾಡುವ ಅವಕಾಶ ಮಾಸ್ತರನಿಗೆ ಸಿಗುವುದು ಅಪರೂಪ. ನಾನು ಎದ್ದು ನಿಂತೆ. ಅಕ್ಕನ ಮನೆಯ ಚಹಾದ ಪಾತ್ರೆ ತರಿಸಿ, ಒಳಗೆ ಕಟ್ಟಿದ್ದ ಬಿಳಿಯ ಹೊಪ್ಪಳೆಯನ್ನು ಉಗುರಿನಿಂದ ಕೆರೆದು ಎಲ್ಲರಿಗೂ ತೋರಿಸಿದೆ. 'ಇದು ಸುಣ್ಣ. ನಿಮ್ಮ ನೀರಾಗ ಬೇಕಾದಷ್ಟು ಐತಿ. ಸುಣ್ಣದಾಗ ಕ್ಯಾಲ್ಸಿಯಂ ಇರ್ತೈತಿ. ಫ್ಲೋರೈಡ್ ಬಂತಂದ್ರ ಕ್ಯಾಲ್ಸಿಯಂ ಅದನ್ನ ಹಿಡಕೊಂಡು ತಳಕ್ಕ ಕುಂದ್ರತೈತಿ. ಕರಗಂಗಿಲ್ಲ. ಕರಗದ್ದು ಮೈಯಾಗ ಹ್ಯಾಂಗ ಹೋಗತೈತಿ? ಕೊಡದಾಗ ನೀರು ತಿಳಿ ಆಗಾಕ ಬಿಡ್ರಿ, ಮ್ಯಾಲಿಂದು ಕುಡೀರಿ' ಎಂದೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ತಲೆಯಾಡಿಸುತ್ತಿದ್ದಳು. ಅವಳಿಗೆ ಇದೆಲ್ಲ ಗೊತ್ತಿದ್ದ ಮನೆತನ.

ಕಟ್ಟೆಯ ತುದಿಯಲ್ಲಿ ಹುಸೇನಸಾಬ ಎಂಬವರು ಕೂತಿದ್ದರು. ಬೋರಿನ ಮೋಟರ್ ರಿಪೇರಿ ಮಾಡುವವರು, ಅಕ್ಕನ ಮನೆಯ ಎದುರಿನ ಮನೆಯವರು. ಅವರು ಕೈಯಲ್ಲಿದ್ದ ಗ್ರೀಸು ಒರೆಸಿಕೊಳ್ಳುತ್ತಾ, 'ಸರ್, ಒಂದು ಮಾತು ಕೇಳ್ಲಿರಿ? ಅದು ಒಟ್ಟ ಕರಗಂಗಿಲ್ಲೋ, ಸ್ವಲ್ಪರೆ ಕರಗತೈತೋ?' ಎಂದರು.

'ಹುಸೇನಸಾಬರ, ಕರಗಂಗಿಲ್ಲ ಅಂದ್ರ ಕರಗಂಗಿಲ್ಲ. ಇದೇನು ನಿಮ್ಮ ಮೋಟರ್ ಏನ್ರಿ, ಸ್ವಲ್ಪ ತಿರುಗತೈತಿ ಅನ್ನಾಕ?' ಎಂದೆ.

ಎಲ್ಲರೂ ನಕ್ಕರು. ಅವರೂ ನಕ್ಕು ತಲೆ ಬಗ್ಗಿಸಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಯಾವ ವಿದ್ಯಾರ್ಥಿಯೂ ಕೇಳಿಲ್ಲ, ಮತ್ತು ಯಾವ ವಿದ್ಯಾರ್ಥಿಯನ್ನೂ ನಾನು ಇಷ್ಟು ಚಂದವಾಗಿ ಕೂರಿಸಿಲ್ಲ. ಮರುವಾರದಿಂದ ಆ ಓಣಿಯಲ್ಲಿ ಕ್ಯಾನು ಹೊರುವುದು ನಿಂತಿತು ಎಂದು ಮಾವ ಫೋನು ಮಾಡಿ ಸಂತೋಷದಿಂದ ತಿಳಿಸಿದರು.

ಆಮೇಲೆ ವರ್ಷಗಳು ಹೋದವು. ಅಕ್ಕನಿಗೆ ಮೊದಲು ಮೊಣಕಾಲು ಹಿಡಿಯಿತು. ವಯಸ್ಸು ಎಂದೆವು. ಆಮೇಲೆ ಟೊಂಕ ಹಿಡಿಯಿತು. ಹೊಲದ ಕೆಲಸ ಎಂದೆವು. ನೆಲದ ಮೇಲೆ ಕೂತು ರೊಟ್ಟಿ ಬಡಿಯಲಾಗದೆ ಕಟ್ಟೆ ಕಟ್ಟಿಸಿಕೊಂಡು ನಿಂತು ಬಡಿಯತೊಡಗಿದಳು. 'ಮಾಡರ್ನ್ ಆದಿ' ಎಂದು ನಾನೇ ಚಾಷ್ಟಿ ಮಾಡಿ ನಕ್ಕೆ. ನಮ್ಮ ಮನೆಗೆ ರೋಣದಲ್ಲಿ ಹೊಳೆಯ ನೀರು ಬರುತ್ತದೆ ಎಂಬುದನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ನನ್ನ ಬೆನ್ನು ಚೆನ್ನಾಗಿದೆ.

ಈ ಸಲದ ಪಂಚಮಿಗೆ ಅವಳನ್ನು ಕರೆತಂದೆ. ನಮ್ಮ ಕಡೆ ಆ ಹಬ್ಬ ಹೆಣ್ಣುಮಕ್ಕಳದು. ತವರಿಗೆ ಬರಬೇಕು, ಉಂಡಿ ತಿನ್ನಬೇಕು, ಜೋಕಾಲಿ ಆಡಬೇಕು. ಶಿರೋಳದ ಮನೆಯ ಹಿಂದಿನ ಬೇವಿನ ಮರಕ್ಕೆ ಹಗ್ಗ ಕಟ್ಟಿದ್ದರು. ಅಕ್ಕ ಚಿಕ್ಕವಳಿದ್ದಾಗ ನಿಂತು ಜೀಕುತ್ತಿದ್ದಳು, ಕಾಲಲ್ಲಿ ಎಲೆ ಕಿತ್ತು ತರುತ್ತಿದ್ದಳು. ಈಗ ಕೂರಲು ಹೋದಳು. ಮೊಣಕಾಲು ಮಡಚಲಿಲ್ಲ. ನಾನು ತೋಳು ಹಿಡಿದೆ, ಗಿರಿಜಾ ಇನ್ನೊಂದು ಕಡೆ ಹಿಡಿದಳು. ಮಣೆ ಮುಂದೆ ಜಾರಿತು. ಬೀಳುವುದನ್ನು ಹೇಗೋ ತಡೆದೆವು. ಅಕ್ಕ ಮಣೆಯನ್ನು ಕೈಯಿಂದ ಒಮ್ಮೆ ದೂಡಿ, 'ನಾ ಕೆಳಗ ನಿಂತು ದೂಡತೀನಿ, ನೀವು ಯಾರರೆ ಕುಂದ್ರರಿ' ಎಂದಳು. ಆಗ ನನಗೆ ಅಳು ಬಂತು. ಕಣ್ಣಿಗೆ ಕಸ ಬಿತ್ತು ಎಂದು ಹೇಳಿ ಬಚ್ಚಲಿಗೆ ಹೋದೆ.

ಹಬ್ಬ ಮುಗಿದ ಮೇಲೆ ಗಜೇಂದ್ರಗಡದ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಬಗ್ಗಿ ಕಾಲ ಬೆರಳು ಮುಟ್ಟಿ ಎಂದರು. ಗದ್ದವನ್ನು ಎದೆಗೆ ಹಚ್ಚಿ ಎಂದರು. ಎರಡೂ ಕೈ ತಲೆಯ ಹಿಂದೆ ಕಟ್ಟಿ ಎಂದರು. ಅಕ್ಕನಿಗೆ ಮೂರೂ ಆಗಲಿಲ್ಲ. 'ಸಾಲ್ಯಾಗ ಡ್ರಿಲ್ ಮಾಡಿಸಿದಂಗ ಮಾಡಸಾಕತ್ತೀರಲ್ರಿ' ಎಂದು ಅವಳು ನಕ್ಕಳು. ಎಕ್ಸ್‌ರೇ ನೋಡಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ.

'ಯಾವ ನೀರು ಕುಡೀತೀರಿ, ಅವ್ವಾರ?'

'ಬೋರಿಂದರಿ. ಏನೂ ಆಗಂಗಿಲ್ಲ ಅಂತ ನಮ್ಮ ತಮ್ಮ ಹೇಳ್ಯಾನ. ಇವನ ನೋಡ್ರಿ. ಕೆಮಿಸ್ಟ್ರಿ ಮಾಸ್ತರ.'

ಡಾಕ್ಟರು ನನ್ನ ಕಡೆ ನೋಡಿದರು. ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಗಾಜಿನ ಗುಂಡು ಇತ್ತು, ನಾನು ಅದನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸಿದೆ. 'ಎಲುವಿನಾಗ ಕೂತ ಫ್ಲೋರೈಡ್ ಹೊಳ್ಳಿ ಬರಂಗಿಲ್ರಿ. ಇನ್ನ ಮುಂದ ಕೂಡದಂಗ ನೋಡಬೇಕು. ಮೊದಲ ಆ ನೀರು ಬಿಡ್ರಿ. ಇಲ್ಲಂದ್ರ ಇನ್ನೆರಡು ವರ್ಷಕ್ಕ ಹಾಸಿಗಿ ಹಿಡೀತೀರಿ' ಎಂದು ಅವರು ಅಕ್ಕನಿಗೇ ಹೇಳಿದರು. ಅವಳು 'ಆತ್ರಿ' ಎಂದಳು. ಬಸ್ಸು ಹತ್ತಿದ ಮೇಲೆ ನನ್ನ ಕಡೆ ಇಡೀ ಮೈ ತಿರುಗಿಸಿ, 'ಪಾಪ, ಡಾಕ್ಟರಿಗೆ ಗೊತ್ತಿಲ್ಲ. ಅವರು ಔಷಧದ ಸಾಲಿ ಕಲ್ತವರು, ಲವಣದ್ದು ಅವರಿಗೇನು ತಿಳೀತೈತಿ? ನೀ ಚಿಂತಿ ಮಾಡಬ್ಯಾಡ. ನಾ ನೀ ಹೇಳಿದ ನೀರನ ಕುಡೀತೀನಿ' ಎಂದಳು. ಕುತ್ತಿಗೆ ತಿರುಗದವರು ಮಾತಾಡಿಸಲು ಇಡೀ ಮೈ ತಿರುಗಿಸುತ್ತಾರೆ ಎಂಬುದನ್ನು ನಾನು ಆ ಬಸ್ಸಿನಲ್ಲಿ ಮೊದಲ ಸಲ ಗಮನಿಸಿದೆ. ಆಗಲೇ ಹೇಳಬೇಕಿತ್ತು. ಟಿಕೀಟು ಎಲ್ಲಿಟ್ಟೆನೋ ಎಂದು ಜೇಬು ಹುಡುಕಿದೆ.

ಮನೆಗೆ ಬಂದು ಲೆಕ್ಕ ಮಾಡಿದೆ. ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. ಪೂರ್ತಿ ಕರಗದ ಲವಣ ಎಂಬುದು ಲೋಕದಲ್ಲೇ ಇಲ್ಲ, ಪ್ರತಿಯೊಂದೂ ಎಷ್ಟೋ ಒಂದಿಷ್ಟು ಕರಗಿಯೇ ಇರುತ್ತದೆ ಎಂಬುದು ನಾನೇ ಪ್ರತಿವರ್ಷ ಕಲಿಸುವ ಇನ್ನೊಂದು ಪಾಠ. ಪಟ್ಟಿಯನ್ನು ಪ್ರಯೋಗಾಲಯದಲ್ಲಿ ಕಲಿಸುತ್ತೇನೆ, ಈ ಪಾಠವನ್ನು ತರಗತಿಯಲ್ಲಿ ಕಲಿಸುತ್ತೇನೆ. ಎರಡಕ್ಕೂ ಬೇರೆ ಬೇರೆ ನೋಟುಬುಕ್ಕು. ಎರಡೂ ನನ್ನ ತಲೆಯಲ್ಲಿ ಒಂದು ದಿನವೂ ಭೇಟಿಯಾಗಿರಲಿಲ್ಲ. ನೀರಿನಲ್ಲಿ ಸುಣ್ಣ ಎಷ್ಟೇ ಇರಲಿ, ಕಣ್ಣಿಗೆ ಕಾಣದ, ನನ್ನ ಪ್ರಯೋಗಾಲಯದ ತಕ್ಕಡಿಗೆ ಸಿಗದ ಅಷ್ಟು ಫ್ಲೋರೈಡು ಅದರಲ್ಲಿ ಉಳಿಯಬಲ್ಲದು. ತಕ್ಕಡಿಗೆ ಸಿಗದಿದ್ದರೂ ಎಲುಬಿಗೆ ಸಿಗುತ್ತದೆ, ಎಲುಬಿಗೆ ಅವಸರವಿಲ್ಲ. ನಾಲ್ಕು ಸಾಲಿನ ಲೆಕ್ಕ. ನಮ್ಮ ಹುಡುಗರು ಐದು ನಿಮಿಷದಲ್ಲಿ ಮಾಡುತ್ತಾರೆ, ನನಗೆ ಒಂಬತ್ತು ವರ್ಷ ಹಿಡಿಯಿತು. ಕಾಗದವನ್ನು ಗಿರಿಜಾಳ ಮುಂದೆ ಇಟ್ಟೆ. ಅವಳಿಗೆ ಲೆಕ್ಕ ಬೇಕಿರಲಿಲ್ಲ, ನನ್ನ ಮುಖ ಸಾಕಾಗಿತ್ತು.

'ಹೋಗಿ ಹೇಳ್ರಿ. ಹೇಳಾಕ ಮರತೆ ಅಂತ ಹೊಳ್ಳಿ ಬರಬ್ಯಾಡ್ರಿ. ಇದೊಂದು ನಿಮಗ ಮರೆಯಂಗಿಲ್ಲ' ಎಂದಳು.

ಹೋಗಲು ಮೂರು ವಾರ ಮಾಡಿದೆ. ಕಿರುಪರೀಕ್ಷೆ ಇತ್ತು. ಆಮೇಲೆ ಉತ್ತರಪತ್ರಿಕೆಗಳಿದ್ದವು. ಆಮೇಲೆ ಬೈಕಿನ ಟೈರು ಸವೆದಿದೆ ಎಂದು ಅನಿಸಿತು. ಫೋನಿನಲ್ಲಿ ಎರಡು ಸಲ ಮಾತಾಡಿದಾಗ, ಆ ನೀರು ಕುಡೀಬ್ಯಾಡ ಎಂಬ ಮೂರು ಮಾತು ನಾಲಿಗೆಯ ತುದಿಗೆ ಬಂದು, ಅದರ ಹಿಂದಿನಿಂದ ಯಾಕೋ ಎಂಬ ಅವಳ ಪ್ರಶ್ನೆ ಬರುವುದು ಕಂಡು, ಮಳೆ ಆತೇನು ಎಂದು ಕೇಳಿ ಮುಗಿಸಿದೆ. ಅಷ್ಟು ದಿನವೂ ಅಕ್ಕ ಅದೇ ನೀರು ಕುಡಿದಳು. ಒಂಬತ್ತು ವರ್ಷದ್ದು ಅಜ್ಞಾನ ಎಂದು ಹೇಳಿಕೊಳ್ಳಬಹುದು. ಈ ಮೂರು ವಾರದ್ದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಕೊನೆಗೊಂದು ರವಿವಾರ ಹೋದೆ. ಅಕ್ಕ ಅಡುಗೆಮನೆಯಲ್ಲಿ ನಿಂತು ರೊಟ್ಟಿ ಬಡಿಯುತ್ತಿದ್ದಳು. ಮಾವ ಹೊರಗೆ ಇದ್ದರು. ನಾನು ಬಾಗಿಲಲ್ಲೇ ನಿಂತು, ಕೂರದೆ, ನೀರು ಕೇಳದೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. 'ಅಕ್ಕಾ, ನಂದು ತಪ್ಪಾತು. ಕರಗಂಗಿಲ್ಲ ಅಂತ ಹೇಳಿದ್ನಲ್ಲ, ಅದು ಕರಗತೈತಿ. ಸ್ವಲ್ಪ. ಆ ಸ್ವಲ್ಪ ಸಾಕಾಗತೈತಿ. ಡಾಕ್ಟರ್ ಹೇಳಿದ್ದ ಖರೇ. ನಿನ್ನ ಬೆನ್ನು ನನ್ನಿಂದ ಹೋತು.'

ಅವಳ ಕೈ ನಿಲ್ಲಲಿಲ್ಲ. ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿದಳು. ಆಮೇಲೆ ನನ್ನ ಕಡೆ ತಿರುಗಿದಳು.

'ಅಂದ್ರ ಬ್ಯಾರೆ ಆದವರೂ ಹಳೆ ಮನಿಗೆ ಬಂದು ಹೋಗ್ತಾರ?'

'ಬರ್ತಾರ.'

'ಬಂದ ಬರ್ತಾರಲ್ಲೋ. ಅವ್ವ ಜಡ್ಡಿಗೆ ಬಿದ್ರ ಬರ್ತಾರ, ಹುಟ್ಟಿದ್ದಕ್ಕ ಸತ್ತದ್ದಕ್ಕ ಬರ್ತಾರ. ಯಾವ ಮನ್ಯಾಗ ಬರಂಗಿಲ್ಲ? ಬರಂಗಿಲ್ಲ ಅಂತ ನಾನ ಅಲ್ಲೇನು ನಿನಗ ಬಾಯಿಪಾಠ ಮಾಡಿಸಿದಾಕಿ? ಆವಾಗ ನನಗ ಸಂಸಾರ ಗೊತ್ತಿರಲಿಲ್ಲ, ತಮ್ಮಾ.'

ಅವಳು ಬೈಯಬೇಕೆಂದು ನಾನು ಕಾಯುತ್ತಿದ್ದೆ. ಏಳನೆಯ ಇಯತ್ತೆಗೆ ಸಾಲಿ ಬಿಟ್ಟವಳು, ಎಂ.ಎಸ್ಸಿ. ಮಾಡಿದ ತಮ್ಮನ ತಪ್ಪನ್ನು ತನ್ನ ಲೆಕ್ಕಕ್ಕೆ ಹಾಕಿಕೊಂಡು ನಿಂತಿದ್ದಳು. ಇದಕ್ಕಿಂತ ಲಟ್ಟಣಿಗೆಯಿಂದ ಹೊಡೆದಿದ್ದರೆ ಸುಖವಿತ್ತು. ಅಷ್ಟಕ್ಕೇ ಬಿಡಲಿಲ್ಲ, ಹತ್ತಿರ ಬಂದು ದನಿ ತಗ್ಗಿಸಿದಳು. 'ಈ ಮಾತು ಓಣ್ಯಾಗ ಹೇಳಬ್ಯಾಡ. ನಿನ್ನ ಮರ್ಯಾದಿ ಹ್ವಾದೀತು. ನಾ ಗುಪ್‌ಚುಪ್ ಫಿಲ್ಟರ್ ನೀರು ತರಿಸಿ ಕೊಡಕ್ಕ ಸುರುವಿ ಇಡ್ತೀನಿ. ನೋಡಿದವರಿಗೆ ಬೋರಿಂದ ಅನಸ್ತೈತಿ.'

ಎಷ್ಟು ಚಂದದ ಉಪಾಯ ಎಂದು ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ. 'ಮತ್ತ ಉಳಿದವರು?' ಎಂದು ನನ್ನ ಬಾಯಿಂದ ಬಂತು, ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಅಕ್ಕ ಹೆಂಚಿನ ಕಡೆ ನೋಡಿದಳು. ರೊಟ್ಟಿ ಸೀದಿತ್ತು. 'ಬಾಜೂ ಮನಿ ಪಾರವ್ವನ ಮೊಮ್ಮಗಳ ಹಲ್ಲು ಕಂದು ತಿರಗ್ಯಾವು. ಅಡಿಕಿ ತಿಂತಾಳ ಅಂತ ಅವರವ್ವ ಬಡೀತಾಳ' ಎಂದಳು. ಸೀದ ರೊಟ್ಟಿಯನ್ನು ತೆಗೆದು ಬದಿಗಿಟ್ಟು, 'ಹೋಗು. ಹೇಳಿ ಬಾ' ಎಂದಳು.

ಮಾವ ಮತ್ತೆ ಜನ ಕೂಡಿಸಿದರು. ಅದೇ ಕಟ್ಟೆ. ನಾನು ಎದ್ದು ನಿಂತು, ಪಾಠ ಒಪ್ಪಿಸುವಂತೆ, ನನ್ನ ತಪ್ಪನ್ನು ಒಪ್ಪಿಸಿದೆ. ಮಾಸ್ತರರ ಮೊದಲ ಪಾಠ ಚೆನ್ನಾಗಿ ಆಗಿಬಿಟ್ಟರೆ ಎರಡನೆಯದಕ್ಕೆ ಜಾಗ ಉಳಿಯುವುದಿಲ್ಲ ಎಂಬುದು ಅವತ್ತು ತಿಳಿಯಿತು. 'ಸರ್, ಆವಾಗ ಪಾತೇಲಿ ಕೆರದು ತೋರಿಸಿದ್ರಿ, ಕಣ್ಣಾರೆ ನೋಡೀವಿ. ಈಗ ಏನೂ ತೋರಸಲಾರದ ಹಿಂಗ ಅಂದ್ರ ಹ್ಯಾಂಗ?' ಎಂದ ಒಬ್ಬ. ಏನನ್ನು ತೋರಿಸಲಿ? ಕಾಣುವುದಿಲ್ಲ ಎಂಬುದೇ ಅದರ ಗುಣ. ಇನ್ನೊಬ್ಬ, ಫಿಲ್ಟರ್ ಘಟಕದವರು ಮಾಸ್ತರರ ಕೈ ಬಿಸಿ ಮಾಡಿರಬೇಕು ಎಂದು ನನಗೆ ಕೇಳುವಷ್ಟೇ ಮೆಲ್ಲಗೆ ಹೇಳಿದ. ಕಡೆಗೆ ಮಾವ ಒಳಗೆ ಹೋಗಿ ಅಕ್ಕನನ್ನು ಕರೆತಂದರು. ಅವಳು ಕಟ್ಟೆಯ ಮುಂದೆ ನಿಂತು, ಡಾಕ್ಟರು ಹೇಳಿದ ಮೂರೂ ಡ್ರಿಲ್ಲುಗಳನ್ನು ಮಾಡಲು ಹೋಗಿ, ಮೂರೂ ಆಗದ್ದನ್ನು ಎಲ್ಲರಿಗೂ ತೋರಿಸಿದಳು. 'ನೀವೂ ಮಾಡಿ ನೋಡ್ರಿ' ಎಂದಳು. ಹೆಂಗಸರಲ್ಲಿ ನಾಲ್ಕೈದು ಮಂದಿ ಎದ್ದು ಬಗ್ಗಿ ನೋಡಿದರು. ಇಬ್ಬರಿಗೆ ಆಗಲಿಲ್ಲ.

ಹುಸೇನಸಾಬರು ತಮ್ಮ ಬಾಗಿಲಲ್ಲಿ ನಿಂತಿದ್ದರು. ಹೋಗಿ ಕೈಮುಗಿದೆ. ಅವರ ಮನೆಯವರು ಈ ಒಂಬತ್ತು ವರ್ಷವೂ ಊರ ತುದಿಯಿಂದ ಕ್ಯಾನು ಹೊತ್ತು ತಂದಿದ್ದರಂತೆ, ಓಣಿಯವರ ನಗೆಚಾಟಿಕೆ ಸಹಿಸಿಕೊಂಡು. 'ಅವತ್ತ ನಿಮ್ಮ ಮಾತು ಕೇಳಬೇಕಿತ್ತು' ಎಂದೆ. 'ಇಲ್ರಿ ಸರ್. ನಾ ಸಾಲಿ ಕಲ್ತಿಲ್ಲ, ಅದಕ್ಕ ನನಗ ಅಂಜಿಕಿ ಬಂತು. ಕಲ್ತಿದ್ರ ನಾನೂ ಕುಡೀತಿದ್ನಿ' ಎಂದರು. ಚುಚ್ಚಿ ಹೇಳಿದ ಮಾತಲ್ಲ. ನಾಳೆಯಿಂದ ತಮ್ಮ ತಳ್ಳುಗಾಡಿಯಲ್ಲಿ ಅಕ್ಕನ ಕ್ಯಾನನ್ನೂ ತರುತ್ತೇನೆ ಎಂದೂ ಹೇಳಿದರು.

ಸೋಮವಾರ ತರಗತಿಗೆ ಹೋದೆ. ಅದೇ ಪಟ್ಟಿಯನ್ನು ಕಲಿಸುವ ವಾರ. ಬೋರ್ಡಿನ ಮೇಲೆ ಬರೆಯುವ ಮೊದಲು ಸೀಮೆಸುಣ್ಣ ಕೆಳಗಿಟ್ಟು ಅಕ್ಕನ ಕತೆ ಹೇಳಿದೆ. ಒಲೆಯ ಮುಂದೆ ಹುಟ್ಟಿದ ಈ ಪಾಠ ಯಾರದೆಂದು ಹೇಳಿದೆ, ಕಟ್ಟೆಯ ಮೇಲೆ ನಾನು ಹೇಳಿದ್ದನ್ನು ಹೇಳಿದೆ, ಜೋಕಾಲಿಯ ಮಣೆ ಜಾರಿದ್ದನ್ನು ಹೇಳಿದೆ. ಕರಗದ ಲವಣ ಎಂಬುದಿಲ್ಲ, ಕಣ್ಣಿಗೆ ಕಾಣುವಷ್ಟು ಕರಗದ ಲವಣ ಎಂಬುದಷ್ಟೇ ಇದೆ, ಇದನ್ನು ಸಾಯುವ ತನಕ ಮರೆಯಬೇಡಿ ಎಂದೆ. ನಲವತ್ತು ನಿಮಿಷ ಯಾರೂ ಕೆಮ್ಮಲಿಲ್ಲ. ಹಿಂದಿನ ಬೆಂಚಿನವರು ಕೂಡ ನನ್ನ ಕಡೆಯೇ ನೋಡುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಖರೇ ಪಾಠ ಇದು ಎಂದು ಅನಿಸಿತು. ಗಂಟೆ ಬಾರಿಸಲು ಇನ್ನೂ ಎರಡು ನಿಮಿಷ ಇದ್ದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಕಣ್ಣು ಕೆಂಪಾಗಿದ್ದವು.

'ಸರ್, ಪರೀಕ್ಷಾಕ ಏನಂತ ಬರೀಬೇಕ್ರಿ?'

ಮೌಲ್ಯಮಾಪನಕ್ಕೆ ನಾನು ಪ್ರತಿವರ್ಷ ಹೋಗುತ್ತೇನೆ. ಕೀ ಉತ್ತರದಲ್ಲಿ ಏನಿರುತ್ತದೆ ಎಂಬುದು ನನಗೆ ಗೊತ್ತು. ಸ್ವಲ್ಪ ಕರಗುತ್ತದೆ ಎಂದು ಬರೆದವರ ಅಂಕವನ್ನು ನಾನೇ ಕೆಂಪು ಪೆನ್ನಿನಿಂದ ಹೊಡೆದಿದ್ದೇನೆ. ಇವರೆಲ್ಲ ಒಂದೊಂದು ಅಂಕಕ್ಕೆ ಬಾಯಿಬಿಟ್ಟು ಕೂತ ಮಕ್ಕಳು, ನಮ್ಮಪ್ಪನಂತೆ ಇವರ ಅಪ್ಪಂದಿರೂ ಏನೇನೋ ಹೇಳಿ ಕಳಿಸಿರುತ್ತಾರೆ. ನಾನು ಸೀಮೆಸುಣ್ಣ ಕೈಗೆತ್ತಿಕೊಂಡೆ.

'ಕರಗುವುದಿಲ್ಲ ಅಂತ ಬರೀರಿ' ಎಂದೆ.

ಎಲ್ಲರೂ ಬರೆದುಕೊಂಡರು. ಹಿಂದಿನ ಬೆಂಚಿನವರಿಗೆ ಕೇಳಿಸಲಿಲ್ಲವೆಂದರು, ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ.